ಓದುಗರ ಪ್ರಶ್ನೆ: ತಮಾಲೆಯನ್ನು ಕಡುಬು ಎನ್ನಬಹುದೆ?

ಕಳೆದ ಸಂಚಿಕೆಯಲ್ಲಿ ಮೆಕ್ಸಿಕೊದ ಬದುಕು, ಹಬ್ಬ ಮತ್ತು ಕಲೆಗಳನ್ನು ಮಕ್ಕಳ ಮುಂದಿಡುವ ಚಿತ್ರಪುಸ್ತಕಗಳ ಬಗ್ಗೆ ಬರೆದಿದ್ದೆ. ಅದನ್ನು ಓದಿ ಕಾರವಾರದಿಂದ ಹೊನ್ನಾವರದವರೆಗಿನ ಕರಾವಳಿಯಿಂದಲೂ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರಗಳಿಂದಲೂ ಪತ್ರಗಳು ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಟೆಕ್ಸಾಸ್‌ನಲ್ಲಿರುವ ನನ್ನ ಅಣ್ಣ ಏಳು ವರ್ಷದ ನನ್ನ ಮಗಳಿಗೆ ಮೆಕ್ಸಿಕೊದ ‘ಸತ್ತವರ ದಿನ’ದ ಚಿತ್ರಪುಸ್ತಕವೊಂದನ್ನು ಕಳಿಸಿದ್ದಾನೆ. ಪುಟ ತೆರೆದರೆ ತಲೆಬುರುಡೆಗಳು ಹೂ ಮುಡಿದು ನಗುತ್ತವೆ, ಎಲುಬಿನ ಹಂದರಗಳು ಕುಣಿಯುತ್ತವೆ. ದೀಪ ಹಚ್ಚುವ ಹೊತ್ತಿಗೆ ಮಗುವಿಗೆ ಇಂಥದ್ದನ್ನು ತೋರಿಸಬೇಡ ಎಂದು ಅತ್ತೆಯವರು ಬೇಸರ ಮಾಡಿಕೊಳ್ಳುತ್ತಾರೆ. ಮಗಳಿಗೋ ದಿನವೂ ಅದೇ ಪುಸ್ತಕ ಬೇಕು. ಏನು ಮಾಡಲಿ?
– ಒಬ್ಬ ತಾಯಿ, ಕಾರವಾರ

ಉತ್ತರ: ಅತ್ತೆಯವರ ಮಾತನ್ನು ಹಗುರವಾಗಿ ತಳ್ಳಿಹಾಕಬೇಡಿ. ಮುಸ್ಸಂಜೆಯಲ್ಲಿ ಬೇಡವೆಂದರೆ ರವಿವಾರ ಬೆಳಿಗ್ಗೆ ಓದಿ, ಮತ್ತು ಸಾಧ್ಯವಾದರೆ ಅತ್ತೆಯವರ ಪಕ್ಕದಲ್ಲಿಯೇ ಕುಳಿತು ಓದಿ. ಏಕೆಂದರೆ ಆ ಪುಸ್ತಕದ ವಿಷಯವನ್ನು ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಅವರೇ ಇರಬೇಕು.

ನವೆಂಬರ್ 1 ಮತ್ತು 2ರಂದು ಮೆಕ್ಸಿಕೊದ ಮನೆಗಳಲ್ಲಿ ತೀರಿಕೊಂಡವರಿಗಾಗಿ ಒಂದು ಮೇಜನ್ನೋ ಮೆಟ್ಟಿಲು ಮೆಟ್ಟಿಲಾದ ಪೀಠವನ್ನೋ ಸಿಂಗರಿಸುತ್ತಾರೆ. ಅದಕ್ಕೆ ಒಫ್ರೆಂಡಾ ಎನ್ನುತ್ತಾರೆ. ಅದರ ಮೇಲೆ ಹೋದವರ ಭಾವಚಿತ್ರ, ಅವರು ಇಷ್ಟಪಡುತ್ತಿದ್ದ ತಿಂಡಿ, ಒಂದು ಲೋಟ ನೀರು, ಉಪ್ಪು, ಮೇಣದ ದೀಪ ಇರುತ್ತವೆ. ಮೊದಲ ದಿನ ತೀರಿಕೊಂಡ ಮಕ್ಕಳ ನೆನಪಿಗೆ, ಮರುದಿನ ದೊಡ್ಡವರ ನೆನಪಿಗೆ ಮೀಸಲು. ಯುನೆಸ್ಕೊ 2008ರಲ್ಲಿ ಈ ಆಚರಣೆಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಮಹಾಲಯದ ಎಡೆಯಲ್ಲಿ ತಮ್ಮ ತಂದೆಗೆ ಪ್ರಿಯವಾದ ಯಾವ ಪದಾರ್ಥ ಇರಲೇಬೇಕಿತ್ತು ಎಂದು ಅತ್ತೆಯವರನ್ನು ಒಮ್ಮೆ ಕೇಳಿ ನೋಡಿ. ಆಮೇಲೆ ಪುಸ್ತಕದ ಪುಟಗಳನ್ನು ಅವರೇ ತಿರುವಿಯಾರು. ಆದರೆ ಎರಡೂ ಒಂದೇ ಎಂದು ಮಗುವಿಗೆ ಹೇಳಬೇಡಿ. ನಮ್ಮಲ್ಲಿ ಶ್ರಾದ್ಧದ ದಿನ ಮಡಿ, ಮೌನ, ಕಾಗೆ ಬಂದು ಮುಟ್ಟುವವರೆಗಿನ ಕಾಯುವಿಕೆ ಇರುತ್ತದೆ. ಅಲ್ಲಿ ಎಷ್ಟೋ ಊರುಗಳಲ್ಲಿ ಸಮಾಧಿಯ ಬಳಿಯೇ ರಾತ್ರಿಯಿಡೀ ಕುಳಿತು ಹಾಡುತ್ತಾರೆ, ಉಣ್ಣುತ್ತಾರೆ, ಹೋದವರ ತಮಾಷೆಗಳನ್ನು ಹೇಳಿಕೊಂಡು ನಗುತ್ತಾರೆ. ಈ ವ್ಯತ್ಯಾಸ ಮಗುವಿಗೆ ತಿಳಿಯಲಿ.

ನಗುವ ಎಲುಬುಗೂಡು ಭೂತವಲ್ಲ. ಆ ಚಿತ್ರದ ಹಿಂದೆ ಹೊಸೆ ಗ್ವಾದಲೂಪೆ ಪೊಸಾದಾ ಎಂಬ ಅಚ್ಚುಗಾರನಿದ್ದಾನೆ. 1852ರಲ್ಲಿ ಹುಟ್ಟಿ 1913ರಲ್ಲಿ ಬಡತನದಲ್ಲಿಯೇ ತೀರಿಕೊಂಡ ಅವನು ಸಿರಿವಂತರನ್ನೂ ಅಧಿಕಾರಸ್ಥರನ್ನೂ ಎಲುಬುಗೂಡುಗಳಾಗಿ ಕೊರೆದು ಅಗ್ಗದ ಹಾಳೆಗಳಲ್ಲಿ ಅಚ್ಚುಹಾಕಿಸುತ್ತಿದ್ದ. ರೇಷ್ಮೆಯ ಟೋಪಿ ಹಾಕಿಕೊಂಡರೂ ಒಳಗಿರುವುದು ಇಷ್ಟೇ ಎಂಬುದು ಅವನ ಮಾತು. ಡಂಕನ್ ತೊನಾತಿಯು ಅವನ ಜೀವನವನ್ನು ‘ಫನ್ನಿ ಬೋನ್ಸ್’ ಎಂಬ ಚಿತ್ರಪುಸ್ತಕವಾಗಿ 2015ರಲ್ಲಿ ಹೊರತಂದರು. ಮಕ್ಕಳ ಮಾಹಿತಿ ಪುಸ್ತಕಗಳಿಗೆ ಅಮೆರಿಕದಲ್ಲಿ ಕೊಡುವ ಸೈಬರ್ಟ್ ಪದಕ ಮರುವರ್ಷ ಅದಕ್ಕೆ ಸಿಕ್ಕಿತು.

ಇನ್ನು ಪುಸ್ತಕದ ಪುಟಪುಟದಲ್ಲೂ ಕಾಣುವ ಕಿತ್ತಳೆ ಬಣ್ಣದ ಹೂವನ್ನು ಮಗಳ ಜೊತೆ ಸಾವಕಾಶವಾಗಿ ನೋಡಿ. ನಾವು ಗೊಂಡೆ ಎಂದೋ ಚೆಂಡು ಹೂ ಎಂದೋ ಕರೆಯುವ ಅದೇ ಹೂ ಅದು. ಅಲ್ಲಿ ಅದರ ಹೆಸರು ಸೆಂಪಾಸೂಚಿಲ್. ಮೆಕ್ಸಿಕೊದ ಮೂಲನಿವಾಸಿಗಳ ನಾವಾಟ್ಲ್ ಭಾಷೆಯ ‘ಇಪ್ಪತ್ತು’ ಮತ್ತು ‘ಹೂ’ ಎಂಬ ಎರಡು ಪದಗಳು ಕೂಡಿ ಈ ಹೆಸರಾಗಿದೆ, ಎಸಳು ಬಹಳ ಎಂಬುದು ಅದರ ಇಂಗಿತ. ಹೋದವರಿಗೆ ಮನೆಯ ದಾರಿ ತಪ್ಪದಿರಲೆಂದು ಇದರ ಎಸಳುಗಳನ್ನು ಬಾಗಿಲಿನಿಂದ ಒಫ್ರೆಂಡಾದವರೆಗೆ ಚೆಲ್ಲುತ್ತಾರೆ. ಈ ಗಿಡದ ತವರೇ ಮೆಕ್ಸಿಕೊ. ದೀಪಾವಳಿಯ ಗೋಪೂಜೆಯಲ್ಲಿ ದನಗಳ ಕೊರಳಿಗೆ ಕಟ್ಟುವ ಗೊಂಡೆ ಮಾಲೆಯನ್ನು ನಮ್ಮದೇ ಹೂವೆಂದು ನಂಬಿಕೊಂಡು ಬೆಳೆದ ನನಗೆ ಇದು ತಿಳಿದ ದಿನ ಅಂಗಳದ ಗಿಡವನ್ನು ಮತ್ತೊಮ್ಮೆ ಹೋಗಿ ನೋಡಬೇಕೆನ್ನಿಸಿತ್ತು.

ಪ್ರಶ್ನೆ: ಮೆಕ್ಸಿಕೊ ಎನ್ನಬೇಕೋ ಮೆಹಿಕೊ ಎನ್ನಬೇಕೋ?
– ಪ್ರೌಢಶಾಲೆಯ ವಿದ್ಯಾರ್ಥಿನಿ, ಕುಮಟಾ

ಉತ್ತರ: ಸ್ಪ್ಯಾನಿಷ್ ಉಚ್ಚಾರಣೆ ಮೆಹಿಕೊ. ಕನ್ನಡದಲ್ಲಿ ಮೆಕ್ಸಿಕೊ ರೂಢಿಯಾಗಿರುವುದರಿಂದ ಹಾಗೆಯೇ ಬರೆಯಬಹುದು. ಆದರೆ ಚಿತ್ರಪುಸ್ತಕದಲ್ಲಿ ಬರುವ ಊರು, ವ್ಯಕ್ತಿಗಳ ಹೆಸರನ್ನು ಅಲ್ಲಿಯವರು ಹೇಳುವಂತೆ ಹೇಳಲು ಪ್ರಯತ್ನಿಸಿ. ಕುಮಟೆಯನ್ನು ಯಾರಾದರೂ ತಪ್ಪಾಗಿ ಉಚ್ಚರಿಸಿದರೆ ನೀವು ತಿದ್ದುತ್ತೀರಲ್ಲವೆ?

ಪ್ರಶ್ನೆ: ನಮ್ಮ ಕಿರಿಯ ಪ್ರಾಥಮಿಕ ಶಾಲೆಗೆ ದಾನಿಯೊಬ್ಬರು ಕೊಟ್ಟ ಪುಸ್ತಕಗಳ ಪೆಟ್ಟಿಗೆಯಲ್ಲಿ ಮೆಕ್ಸಿಕೊ ಮೂಲದ ಕುಟುಂಬವೊಂದರ ಕಥೆಯಿದೆ. ಇಂಗ್ಲಿಷಿನಲ್ಲಿದ್ದು ನಡುನಡುವೆ ಸ್ಪ್ಯಾನಿಷ್ ಪದಗಳು ಬರುತ್ತವೆ. ನಾನು ಕನ್ನಡದಲ್ಲಿ ಹೇಳುತ್ತಾ ಓದುವಾಗ ‘ತಮಾಲೆ’ ಎಂಬ ಹಬೆಯಲ್ಲಿ ಬೇಯಿಸುವ ತಿಂಡಿಯನ್ನು ‘ಕಡುಬು’ ಎಂದರೆ ತಪ್ಪಾಗುತ್ತದೆಯೆ? ಮಕ್ಕಳಿಗೆ ಹತ್ತಿರವಾಗಲಿ ಎಂಬುದು ನನ್ನ ಆಸೆ.
– ಒಬ್ಬ ಶಿಕ್ಷಕಿ, ಶಿರಸಿ ತಾಲ್ಲೂಕು

ಉತ್ತರ: ಈ ಪ್ರಶ್ನೆಗೆ ಉತ್ತರ ಹೇಳಲು ನಾನು ಕಾಯುತ್ತಿದ್ದೆ ಎಂದರೂ ಸರಿ, ಏಕೆಂದರೆ ಹಿಂದೆ ನಾನೂ ನಿಮ್ಮಂತೆಯೇ ಮಾಡಿದ್ದೇನೆ.

ಗ್ಯಾರಿ ಸೋಟೊ ಬರೆದು ಎಡ್ ಮಾರ್ಟಿನೆಜ್ ಚಿತ್ರ ಬರೆದ ‘ಟೂ ಮೆನಿ ತಮಾಲೆಸ್’ 1993ರ ಪುಸ್ತಕ. ಕ್ರಿಸ್‌ಮಸ್‌ನ ಹಿಂದಿನ ಸಂಜೆ ಮರಿಯಾ ಎಂಬ ಹುಡುಗಿ ತಾಯಿಯೊಂದಿಗೆ ತಮಾಲೆಯ ಹಿಟ್ಟು ನಾದುತ್ತಿರುತ್ತಾಳೆ. ತಾಯಿ ತೆಗೆದಿಟ್ಟ ವಜ್ರದ ಉಂಗುರವನ್ನು ಕದ್ದು ಬೆರಳಿಗೆ ಹಾಕಿಕೊಂಡು ಮತ್ತೆ ಹಿಟ್ಟಿಗೆ ಕೈಹಾಕುತ್ತಾಳೆ. ನೆಂಟರೆಲ್ಲ ಬಂದು ಸೇರಿದ ಮೇಲೆ ಬೆರಳಿನಲ್ಲಿ ಉಂಗುರವಿಲ್ಲವೆಂದು ಅವಳಿಗೆ ಹೊಳೆಯುತ್ತದೆ. ಬೆಂದ ತಮಾಲೆಗಳಲ್ಲಿ ಯಾವುದರೊಳಗೋ ಇರಬೇಕು. ಹೇಳುವಂತಿಲ್ಲ, ಸುಮ್ಮನಿರುವಂತಿಲ್ಲ. ದಾಯಾದಿ ಮಕ್ಕಳನ್ನು ಸೇರಿಸಿಕೊಂಡು ಇಪ್ಪತ್ತನಾಲ್ಕು ತಮಾಲೆಗಳನ್ನೂ ತಿಂದು ಮುಗಿಸುತ್ತಾಳೆ. ಕೊನೆಗೆ ಅಳುತ್ತಾ ಒಪ್ಪಿಕೊಳ್ಳಲು ಹೋದರೆ ಉಂಗುರ ತಾಯಿಯ ಬೆರಳಿನಲ್ಲಿಯೇ ಇರುತ್ತದೆ. ಬೈಗುಳದ ಬದಲು ನಗು ಬರುತ್ತದೆ, ಮನೆಯವರೆಲ್ಲ ಮತ್ತೆ ಹಿಟ್ಟು ನಾದಲು ಅಡುಗೆಮನೆಗೆ ನಡೆಯುತ್ತಾರೆ.

ಇದನ್ನು ಘಟ್ಟದ ಮೇಲಿನ ಒಂದು ಶಾಲೆಯಲ್ಲಿ ಓದುವಾಗ ನಾನು ತಮಾಲೆ ಎಂದರೆ ಕೊಟ್ಟೆ ಕಡುಬು ಎಂದುಬಿಟ್ಟೆ. ಮಕ್ಕಳು ತಲೆಯಾಡಿಸಿದರು. ಎರಡು ಪುಟ ಮುಂದೆ ಹೋಗುವಷ್ಟರಲ್ಲಿ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ಬಂದು ಚಿತ್ರದ ಮೇಲೆ ಬೆರಳಿಟ್ಟು, ‘ಟೀಚರ್, ಇದಕ್ಕೆ ಕಡ್ಡಿ ಚುಚ್ಚಿಲ್ಲವಲ್ಲ?’ ಎಂದಳು. ಹಲಸಿನ ಎಲೆಗಳನ್ನು ಕಡ್ಡಿ ಚುಚ್ಚಿ ಹೆಣೆದು ಕೊಟ್ಟೆ ಮಾಡುವುದನ್ನು ಮನೆಯಲ್ಲಿ ನೋಡುತ್ತಾ ಬೆಳೆದವಳು ಅವಳು. ಕಡ್ಡಿಯಿಲ್ಲದೆ ಕೊಟ್ಟೆ ನಿಲ್ಲುವುದಿಲ್ಲ ಎಂಬುದು ಅವಳಿಗೆ ಗೊತ್ತು. ನಾನು ಆ ಚಿತ್ರವನ್ನು ಹತ್ತು ಬಾರಿ ನೋಡಿದ್ದರೂ ಹೊದಿಕೆ ಎಲೆಯದಲ್ಲ, ಮೆಕ್ಕೆಜೋಳದ ತೆನೆಯ ಒಣಸಿಪ್ಪೆಯದು ಎಂಬುದನ್ನು ಗಮನವಿಟ್ಟು ನೋಡಿರಲಿಲ್ಲ. ಅವಳನ್ನು ಕಥೆಗೆ ಹತ್ತಿರ ತರಲೆಂದು ನಾನು ಕೊಟ್ಟ ಪದವೇ ಅವಳಿಗೂ ಚಿತ್ರಕ್ಕೂ ನಡುವೆ ಅಡ್ಡ ನಿಂತಿತ್ತು.

ಅಂದಿನಿಂದ ನಾನು ತಮಾಲೆಯನ್ನು ತಮಾಲೆ ಎಂದೇ ಓದುತ್ತೇನೆ. ಮೊದಲ ಸಲ ಬಂದಾಗ ‘ಮೆಕ್ಕೆಜೋಳದ ಹಿಟ್ಟನ್ನು ತೆನೆಯ ಸಿಪ್ಪೆಯಲ್ಲಿ ಮಡಿಸಿ ಹಬೆಯಲ್ಲಿ ಬೇಯಿಸಿದ ತಮಾಲೆ’ ಎಂದು ವಾಕ್ಯದೊಳಗೇ ಸೇರಿಸಿ ಮುಂದೆ ಹೋಗುತ್ತೇನೆ. ನಡುವೆ ನಿಂತು ಅರ್ಥ ವಿವರಿಸುವುದಿಲ್ಲ. ಕೊಟ್ಟೆ ಕಡುಬನ್ನು ನೆನಪಿಸಿಕೊಳ್ಳುವ ಕೆಲಸ ಮಕ್ಕಳದು, ಅದನ್ನು ಅವರು ಮಾಡಿಯೇ ಮಾಡುತ್ತಾರೆ. ಕಾರವಾರದ ಕಡೆಯ ಮಕ್ಕಳಾದರೆ ಅರಿಶಿನ ಎಲೆಯಲ್ಲಿ ಬೇಯಿಸುವ ಪಾತೋಳಿಯನ್ನು ನೆನೆಯುತ್ತಾರೆ. ಮೆಕ್ಸಿಕೊದ ದಕ್ಷಿಣ ಭಾಗದಲ್ಲಿ ತಮಾಲೆಯನ್ನು ಬಾಳೆಎಲೆಯಲ್ಲಿಯೂ ಕಟ್ಟುತ್ತಾರೆ ಎಂದು ಆಗ ಹೇಳಿ, ಅವರ ಕಣ್ಣು ಹೇಗೆ ಅರಳುತ್ತದೆ ನೋಡಿ. ಈ ಪುಸ್ತಕಗಳ ಲೇಖಕರು ಸ್ಪ್ಯಾನಿಷ್ ಪದಗಳನ್ನು ಮರೆತು ಉಳಿಸಿದ್ದಲ್ಲ. ಹವ್ಯಕ ಮನೆಯ ಕಥೆಯಲ್ಲಿ ಮಗು ‘ಆಯಿ’ ಎಂದು ಕರೆದದ್ದನ್ನು ಯಾರೋ ‘ತಾಯಿ’ ಎಂದು ತಿದ್ದಿದರೆ ಆ ಮನೆಯ ದನಿಯೇ ಹೋಗುತ್ತದೆ. ಹಾಗೆಯೇ ಅಜ್ಜಿಯನ್ನು ಕರೆಯುವ ‘ಅಬುಯೆಲಾ’ ಎಂಬ ಪದವನ್ನೂ ಉಳಿಸಿಕೊಳ್ಳಿ.

ಆ ಹಿಟ್ಟಿನ ಬಗ್ಗೆಯೂ ನಾಲ್ಕು ಮಾತು ಹೇಳಬೇಕು, ಏಕೆಂದರೆ ಎಷ್ಟೋ ಮೆಕ್ಸಿಕನ್ ಚಿತ್ರಪುಸ್ತಕಗಳ ಅಡುಗೆಮನೆಯಲ್ಲಿ ಅದೇ ಇರುತ್ತದೆ. ಅದರ ಹೆಸರು ಮಾಸಾ. ಒಣಗಿದ ಮೆಕ್ಕೆಜೋಳವನ್ನು ಸುಣ್ಣ ಬೆರೆಸಿದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ಅದರಲ್ಲೇ ನೆನೆಯಲು ಬಿಟ್ಟು, ಬೆಳಿಗ್ಗೆ ತೊಳೆದು ಅರೆಯುತ್ತಾರೆ. ಸುಣ್ಣದಿಂದ ಕಾಳಿನ ಸಿಪ್ಪೆ ಕಳಚುತ್ತದೆ, ಹಿಟ್ಟಿಗೆ ಅಂಟು ಬರುತ್ತದೆ, ಜೋಳದಲ್ಲಿ ಬಿಗಿದುಕೊಂಡಿರುವ ನಿಯಾಸಿನ್ ಎಂಬ ಜೀವಸತ್ವ ದೇಹಕ್ಕೆ ದಕ್ಕುವಂತಾಗುತ್ತದೆ. ಯುರೋಪಿನವರು ಜೋಳವನ್ನು ಕೊಂಡೊಯ್ದರೂ ಈ ಸುಣ್ಣದ ವಿದ್ಯೆಯನ್ನು ಕೊಂಡೊಯ್ಯಲಿಲ್ಲ. ಜೋಳವನ್ನೇ ನಂಬಿದ ಅಲ್ಲಿಯ ಬಡವರು ಪೆಲಾಗ್ರ ಎಂಬ ರೋಗದಿಂದ ನರಳಿದರು. ನಮ್ಮ ಮಕ್ಕಳಿಗೆ ಸುಣ್ಣವೆಂದರೆ ಅಜ್ಜನ ಎಲೆ–ಅಡಿಕೆಯ ತಟ್ಟೆಯಲ್ಲಿರುವುದು. ಅದು ಅಡುಗೆಗೂ ಬೇಕಾದೀತು ಎಂಬುದೇ ಅವರಿಗೆ ಒಂದು ಕಥೆ. ಅರೆದ ಹಿಟ್ಟನ್ನು ತಟ್ಟಿ ಕಾವಲಿಯಂಥ ಕೊಮಾಲ್‌ನ ಮೇಲೆ ಸುಟ್ಟರೆ ತೋರ್ತಿಯಾ, ಸಿಪ್ಪೆಯಲ್ಲಿ ಮಡಿಸಿ ಬೇಯಿಸಿದರೆ ತಮಾಲೆ. ಮುಂಡಗೋಡ, ಹಳಿಯಾಳದ ಕಡೆ ಮೆಕ್ಕೆಜೋಳ ಬೆಳೆಯುತ್ತಾರೆ. ಯಾರಾದರೂ ಆ ಕಡೆಯಿಂದ ಬರುವವರಿದ್ದರೆ ಸಿಪ್ಪೆಯಿರುವ ನಾಲ್ಕು ತೆನೆಗಳನ್ನು ತರಿಸಿ ಓದುವ ದಿನ ಮೇಜಿನ ಮೇಲಿಡಿ. ಕಥೆ ಮುಗಿದ ಮೇಲೆ ಮಕ್ಕಳು ಸಿಪ್ಪೆ ಬಿಡಿಸಿ ಮಡಿಸಿ ನೋಡಲಿ.

ಪ್ರಶ್ನೆ: ನಮ್ಮ ಗ್ರಾಮ ಪಂಚಾಯತಿಯ ಅರಿವು ಕೇಂದ್ರಕ್ಕೆ ಹೊರದೇಶದ ಸಂಸ್ಕೃತಿಯ ಚಿತ್ರಪುಸ್ತಕಗಳನ್ನು ತರಿಸಲು ಊರಿನವರೊಬ್ಬರು ಸ್ವಲ್ಪ ಹಣ ಕೊಟ್ಟಿದ್ದಾರೆ. ಮೆಕ್ಸಿಕೊಗೆ ಸಂಬಂಧಿಸಿದ ಎರಡೇ ಪುಸ್ತಕ ಕೊಳ್ಳಬಹುದು. ಯಾವುದನ್ನು ಕೊಳ್ಳಲಿ? ಒಳ್ಳೆಯದನ್ನು ಗುರುತಿಸುವುದು ಹೇಗೆ?
– ಗ್ರಂಥಾಲಯ ಮೇಲ್ವಿಚಾರಕರು, ಹೊನ್ನಾವರ ತಾಲ್ಲೂಕು

ಉತ್ತರ: ಎರಡೇ ಎಂದಾದರೆ ನನ್ನ ಆಯ್ಕೆಯ ಎರಡೂ ಗ್ರಂಥಾಲಯದ ಕಥೆಗಳೇ. ನಿಮ್ಮ ಕೆಲಸ ಎಂಥದ್ದು ಎಂಬುದನ್ನು ಮಕ್ಕಳಿಗೆ ಅವುಗಳಿಗಿಂತ ಚೆನ್ನಾಗಿ ತೋರಿಸುವ ಪುಸ್ತಕವನ್ನು ನಾನು ಕಂಡಿಲ್ಲ.

ಒಂದು, ಪ್ಯಾಟ್ ಮೋರಾ ಬರೆದು ರಾವುಲ್ ಕೊಲೋನ್ ಚಿತ್ರ ಬರೆದ ‘ತೊಮಾಸ್ ಆ್ಯಂಡ್ ದಿ ಲೈಬ್ರರಿ ಲೇಡಿ’, 1997ರದು. ತೊಮಾಸ್‌ನ ತಂದೆತಾಯಿ ಸುಗ್ಗಿಯ ಕೂಲಿಗಾಗಿ ಟೆಕ್ಸಾಸ್‌ನಿಂದ ಐಯೊವಾಕ್ಕೆ ವಲಸೆ ಹೋಗುವ ಮೆಕ್ಸಿಕನ್ ಮೂಲದವರು. ಕಥೆಗಳನ್ನು ಹೇಳುವ ಅಜ್ಜ ಹುಡುಗನನ್ನು ಗ್ರಂಥಾಲಯಕ್ಕೆ ಹೋಗೆನ್ನುತ್ತಾನೆ. ಬಾಗಿಲಲ್ಲಿ ಹಿಂಜರಿದು ನಿಂತವನನ್ನು ಗ್ರಂಥಪಾಲಕಿ ಒಳಗೆ ಕರೆದು ಮೊದಲು ಕುಡಿಯಲು ನೀರು ಕೊಡುತ್ತಾರೆ, ಆಮೇಲೆ ಪುಸ್ತಕ ಕೊಡುತ್ತಾರೆ. ಅವನು ಅವರಿಗೆ ಸ್ಪ್ಯಾನಿಷ್ ಪದಗಳನ್ನು ಕಲಿಸುತ್ತಾನೆ. ಇದು ಲೇಖಕ ತೊಮಾಸ್ ರಿವೆರಾ ಅವರ ಬಾಲ್ಯವನ್ನು ಆಧರಿಸಿದ ಕಥೆ. ಆ ಹುಡುಗ ಬೆಳೆದು 1979ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಆವರಣದ ಮುಖ್ಯಸ್ಥರಾದರು. ಬಯಲುಸೀಮೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ನಿಮ್ಮ ಕೇಂದ್ರದ ಬಾಗಿಲಲ್ಲೂ ನಿಂತಿರಬಹುದು. ಆ ನೀರಿನ ಲೋಟದ ಪುಟವನ್ನು ಅವರಿಗೆ ಖಂಡಿತ ತೋರಿಸಿ.

ಎರಡು, ಯುಯಿ ಮೊರಾಲೆಸ್ ಅವರ 2018ರ ‘ಡ್ರೀಮರ್ಸ್’. ಮೆಕ್ಸಿಕೊದ ಹಲಾಪಾದಲ್ಲಿ ಹುಟ್ಟಿದ ಮೊರಾಲೆಸ್ 1994ರಲ್ಲಿ ಹಸುಗೂಸನ್ನು ಎತ್ತಿಕೊಂಡು ಅಮೆರಿಕಕ್ಕೆ ಹೋದರು. ಭಾಷೆ ಬಾರದ ನಾಡಿನಲ್ಲಿ ಗ್ರಂಥಾಲಯವೊಂದು ತಾಯಿ–ಮಗುವಿಗೆ ಆಸರೆಯಾದದ್ದೇ ಇದರ ವಸ್ತು. ಮಾತು ಬಹಳ ಕಡಿಮೆ, ಆದ್ದರಿಂದ ಇಂಗ್ಲಿಷ್ ಬಾರದ ಮಗುವೂ ಚಿತ್ರಗಳಿಂದಲೇ ಓದಬಲ್ಲದು.

ಮುಂದೆ ಕೊಳ್ಳುವಾಗ ಎರಡು ಪ್ರಶಸ್ತಿಗಳ ಹೆಸರು ನೆನಪಿರಲಿ. ರಿವೆರಾ ಅವರ ಹೆಸರಿನಲ್ಲಿ ಟೆಕ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯ 1995ರಲ್ಲಿ ಆರಂಭಿಸಿದ್ದು ಮೆಕ್ಸಿಕನ್ ಅಮೆರಿಕನ್ ಬದುಕಿನ ಮಕ್ಕಳ ಪುಸ್ತಕಗಳಿಗೇ ಮೀಸಲು. 1996ರಲ್ಲಿ ಆರಂಭವಾದ ಪುರಾ ಬೆಲ್ಪ್ರೆ ಪ್ರಶಸ್ತಿ ಲ್ಯಾಟಿನ್ ಅಮೆರಿಕ ಮೂಲದ ಲೇಖಕರಿಗೂ ಚಿತ್ರಕಾರರಿಗೂ ಸಲ್ಲುತ್ತದೆ. ಅದೂ ಒಬ್ಬ ಗ್ರಂಥಪಾಲಕಿಯ ಹೆಸರಿನದು. ಹೊರಗಿನವರು ಬರೆದದ್ದೆಲ್ಲ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಮೆಕ್ಸಿಕೊ ನಗರದ ಪುಟ್ಟ ಹುಡುಗಿಯ ಮೊದಲ ಪಿನ್ಯಾತಾದ (ಸಿಹಿತಿಂಡಿ ತುಂಬಿ ತೂಗುಹಾಕಿ ಕೋಲಿನಿಂದ ಒಡೆಯುವ ಬಣ್ಣದ ಗೊಂಬೆ) ಕಥೆ ಹೇಳಿ 1960ರಲ್ಲಿ ಚಿತ್ರಪುಸ್ತಕಗಳ ಚಿತ್ರಗಳಿಗೆ ಅಮೆರಿಕದಲ್ಲಿ ಕೊಡುವ ಕಾಲ್ಡೆಕಾಟ್ ಪದಕ ಪಡೆದ ‘ನೈನ್ ಡೇಸ್ ಟು ಕ್ರಿಸ್‌ಮಸ್’ನ ಚಿತ್ರಕಾರ್ತಿ ಮೇರಿ ಹಾಲ್ ಎಟ್ಸ್ ಅಮೆರಿಕದವರು, ಆದರೆ ಬರೆಯುವಾಗ ಮೆಕ್ಸಿಕೊದ ಅವ್ರೋರಾ ಲಾಬಸ್ತೀದಾ ಅವರನ್ನು ಜೊತೆ ಮಾಡಿಕೊಂಡಿದ್ದರು. ಅಗಲ ಟೋಪಿಯ ಗಂಡಸು ಕಳ್ಳಿಗಿಡದ ಕೆಳಗೆ ನಿದ್ದೆಹೋಗಿರುವ ಚಿತ್ರ ಕಂಡರೆ ಆ ಪುಸ್ತಕವನ್ನು ಬಿಟ್ಟುಬಿಡಿ. ಮೇ 5 ಮೆಕ್ಸಿಕೊದ ಸ್ವಾತಂತ್ರ್ಯ ದಿನ ಎಂದಿದ್ದರೂ ಬಿಡಿ. ಅದು 1862ರಲ್ಲಿ ಪುಯೆಬ್ಲಾದಲ್ಲಿ ಫ್ರೆಂಚ್ ಸೇನೆಯನ್ನು ಸೋಲಿಸಿದ ದಿನ, ಸ್ವಾತಂತ್ರ್ಯ ದಿನ ಸೆಪ್ಟೆಂಬರ್ 16. ಇಷ್ಟು ಸಣ್ಣದನ್ನು ವಿಚಾರಿಸದವರು ಅಡುಗೆಮನೆಯನ್ನೂ ಹಬ್ಬವನ್ನೂ ವಿಚಾರಿಸಿರಲಾರರು.

ಪ್ರಶ್ನೆ: ನೀವು ಹೇಳಿದ ತೊನಾತಿಯು ಅವರ ಚಿತ್ರಗಳಲ್ಲಿ ಎಲ್ಲರೂ ಪಕ್ಕಕ್ಕೆ ಮುಖ ಮಾಡಿಯೇ ನಿಂತಿರುತ್ತಾರೆ. ಮಕ್ಕಳು ‘ಇವರಿಗೆ ಎದುರಿನಿಂದ ಚಿತ್ರ ಬರೆಯಲು ಬರುವುದಿಲ್ಲವೆ’ ಎಂದು ಕೇಳುತ್ತಾರೆ.
– ಚಿತ್ರಕಲಾ ಶಿಕ್ಷಕರು, ಸಿದ್ದಾಪುರ

ಉತ್ತರ: ಬರುತ್ತದೆ, ಆದರೆ ಬೇಕೆಂದೇ ಹಾಗೆ ಬರೆಯುತ್ತಾರೆ. ಸ್ಪೇನಿನವರು ಬರುವ ಮೊದಲೇ ಈಗಿನ ವಹಾಕಾ ಸೀಮೆಯ ಮಿಶ್ತೆಕ್ ಜನ ಜಿಂಕೆಯ ಚರ್ಮದ ಉದ್ದನೆಯ ಪಟ್ಟಿಗೆ ಬಿಳಿಯ ಲೇಪ ಕೊಟ್ಟು, ಮಡಿಕೆ ಮಡಿಕೆಯಾಗಿ ಮಡಿಸಿ, ರಾಜವಂಶಗಳ ಚರಿತ್ರೆಯನ್ನು ಚಿತ್ರಗಳಲ್ಲಿಯೇ ಬರೆದಿಡುತ್ತಿದ್ದರು. ಆ ಹೊತ್ತಗೆಗಳಲ್ಲಿ ಜನರು ಪಕ್ಕದಿಂದಲೇ ಕಾಣುತ್ತಾರೆ. ತೊನಾತಿಯು ಆ ರೀತಿಯನ್ನು ಇಂದಿನ ಮಕ್ಕಳ ಪುಸ್ತಕಕ್ಕೆ ತಂದರು. ಕೈಯಿಂದ ಗೆರೆ ಬರೆದು, ಬಟ್ಟೆ, ಕೂದಲು, ಇಟ್ಟಿಗೆಗಳ ಛಾಯಾಚಿತ್ರದ ತುಣುಕುಗಳನ್ನು ಕಂಪ್ಯೂಟರಿನಲ್ಲಿ ಅದರೊಳಗೆ ತುಂಬುತ್ತಾರೆ. ಹೀಗಾಗಿ ಹಳೆಯ ಗೆರೆಯೊಳಗೆ ಇಂದಿನ ಹುಡುಗನ ಜೀನ್ಸ್ ಪ್ಯಾಂಟಿನ ನೇಯ್ಗೆ ಕಾಣುತ್ತದೆ. ಕಿವಿಯನ್ನು ನೋಡಲು ಮಕ್ಕಳಿಗೆ ಹೇಳಿ, ಅದು ಇಂಗ್ಲಿಷಿನ 3ರಂತಿರುತ್ತದೆ. ಮೆಕ್ಸಿಕನ್ ಮೂಲದ ಮಕ್ಕಳನ್ನು ಬೇರೆಯಿಡುತ್ತಿದ್ದ ಪ್ರತ್ಯೇಕ ಶಾಲೆಗಳ ವಿರುದ್ಧ ಕ್ಯಾಲಿಫೋರ್ನಿಯಾದ ಮೆಂಡೆಜ್ ಕುಟುಂಬ ಹೂಡಿ 1947ರಲ್ಲಿ ಗೆದ್ದ ಮೊಕದ್ದಮೆಯ ಕಥೆಯನ್ನೂ ಅವರು ಇದೇ ರೀತಿಯಲ್ಲಿ ಚಿತ್ರಿಸಿದ್ದಾರೆ. ಐದನೆಯ ತರಗತಿಯ ಮೇಲಿನವರಿಗೆ ಅದು ತಕ್ಕ ಪುಸ್ತಕ.

ಹಳೆಯ ಆ ಹೊತ್ತಗೆಗಳಲ್ಲಿ ಪ್ರಯಾಣವನ್ನು ತೋರಿಸಲು ಹೆಜ್ಜೆಗುರುತುಗಳ ಸಾಲು ಬರೆಯುತ್ತಿದ್ದರು. ಅಷ್ಟಮಿಯ ದಿನ ಹೊಸ್ತಿಲಿನಿಂದ ದೇವರ ಕೋಣೆಯವರೆಗೆ ಕೃಷ್ಣನ ಹೆಜ್ಜೆ ಬಿಡಿಸಿದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಬೀಳುವುದಿಲ್ಲ. ನಿಮ್ಮ ತಾಲ್ಲೂಕಿನ ದೀವರ ಮನೆಗಳ ಹಸೆ ಚಿತ್ತಾರವನ್ನು ಬಲ್ಲವರಾದ ನೀವು ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಕೆಮ್ಮಣ್ಣಿನ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ – ಈ ರೀತಿಯಲ್ಲಿ ಇಂದಿನ ಶಾಲೆಯ ಬಸ್ಸನ್ನು, ಮೊಬೈಲ್ ಹಿಡಿದ ಅಕ್ಕನನ್ನು ಬರೆಯುವುದು ಹೇಗೆ ಎಂದು ಮಕ್ಕಳನ್ನು ಕೇಳಿ. ತೊನಾತಿಯು ಮಾಡಿದ್ದು ಅದನ್ನೇ. ಮಿಶ್ತೆಕ್ ಗೆರೆಯನ್ನು ನಕಲು ಮಾಡಿಸುವುದಕ್ಕಿಂತ ಇದು ಅವರ ಪುಸ್ತಕಕ್ಕೆ ಸಲ್ಲಿಸುವ ಹೆಚ್ಚಿನ ಗೌರವ ಎಂಬುದು ನನ್ನ ಎಣಿಕೆ.

ಪ್ರಶ್ನೆ: ಹಾಲಕ್ಕಿ, ಸಿದ್ದಿ, ಖಾರ್ವಿ ಮನೆಗಳ ಮಕ್ಕಳು ತಮ್ಮದೇ ಬದುಕನ್ನು ಯಾವ ಚಿತ್ರಪುಸ್ತಕದಲ್ಲೂ ಕಾಣದಿರುವಾಗ ಮೆಕ್ಸಿಕೊದ ಪುಸ್ತಕಗಳಿಗೆ ಇಷ್ಟೊಂದು ಪುಟ ಏಕೆ?
– ನಿವೃತ್ತ ಮುಖ್ಯಾಧ್ಯಾಪಕರು, ಅಂಕೋಲಾ

ಉತ್ತರ: ನಿಮ್ಮ ನೋವು ನನ್ನದೂ ಹೌದು, ಸರ್. ಈ ಪುಸ್ತಕಗಳು ಹುಟ್ಟಿದ್ದೂ ಅಂಥದೇ ನೋವಿನಿಂದ ಎಂಬುದಕ್ಕಾಗಿಯೇ ಅವುಗಳ ಬಗ್ಗೆ ಬರೆಯುತ್ತಿದ್ದೇನೆ. ಸ್ಪ್ಯಾನಿಷ್ ಮಾತಾಡಿದ ಮಕ್ಕಳಿಗೆ ಶಾಲೆಯಲ್ಲಿ ಶಿಕ್ಷೆ ಕೊಡುತ್ತಿದ್ದ ಕಾಲದ ಟೆಕ್ಸಾಸ್‌ನಲ್ಲಿ, ಕಿಂಗ್ಸ್‌ವಿಲ್ ಎಂಬ ಊರಿನಲ್ಲಿ ಬೆಳೆದ ಕಲಾವಿದೆ ಕಾರ್ಮೆನ್ ಲೋಮಾಸ್ ಗಾರ್ಸಾ 1990ರಲ್ಲಿ ‘ಫ್ಯಾಮಿಲಿ ಪಿಕ್ಚರ್ಸ್’ ಎಂಬ ಪುಸ್ತಕ ತಂದರು. ಅದರಲ್ಲಿ ಒಂದು ಕಥೆಯೆಂಬುದಿಲ್ಲ. ಒಂದೊಂದು ನೆನಪಿಗೆ ಒಂದೊಂದು ಚಿತ್ರ: ತಿನ್ನಲು ಪಾಪಾಸುಕಳ್ಳಿಯ ಎಲೆ ಕೀಳುವುದು, ಮನೆಮಂದಿಯೆಲ್ಲ ಕೂತು ತಮಾಲೆ ಮಾಡುವುದು, ಜಾತ್ರೆ. ಕೆಳಗೆ ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ನಾಲ್ಕಾರು ಸಾಲು.

ಇದನ್ನು ಅಂಕೋಲೆಯಲ್ಲಿ ಮಾಡಲು ಪ್ರಕಾಶಕರಿಗಾಗಿ ಕಾಯಬೇಕಿಲ್ಲ. ಬಂಡಿ ಹಬ್ಬ ಮುಗಿದ ವಾರ ಮಕ್ಕಳಿಗೆ ಒಂದೊಂದು ದೊಡ್ಡ ಹಾಳೆ ಕೊಡಿ. ಹಬ್ಬವನ್ನೆಲ್ಲ ಬರೆಯಿಸಬೇಡಿ, ಅವರು ನಿಂತಿದ್ದ ಜಾಗದಿಂದ ಕಂಡದ್ದನ್ನಷ್ಟೇ ಬರೆಯಲಿ. ಕೆಳಗಿನ ಸಾಲುಗಳು ಮೊದಲು ಮನೆಯ ಮಾತಿನಲ್ಲಿ, ಅದು ಹಾಲಕ್ಕಿಗಳ ಕನ್ನಡವಿರಲಿ, ಕೊಂಕಣಿಯಿರಲಿ, ಆಮೇಲೆ ಶಾಲೆಯ ಕನ್ನಡದಲ್ಲಿ ಇರಲಿ. ಸುಗ್ಗಿ ಕುಣಿತದ ತುರಾಯಿಯನ್ನು ಯಾರಾದರೂ ಬರೆದರೆ, ಅದಕ್ಕೆ ಏನೇನು ಸಿಕ್ಕಿಸುತ್ತಾರೆ, ಒಂದೊಂದರ ಹೆಸರೇನು ಎಂಬುದನ್ನು ಕಟ್ಟುವವರ ಬಾಯಿಂದಲೇ ಕೇಳಿ ಬರೆಸಿ. ಹತ್ತು ಹಾಳೆ ಆದ ಕೂಡಲೇ ಈ ಅಂಕಣದ ವಿಳಾಸಕ್ಕೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಅವುಗಳಿಗಾಗಿ ಎರಡು ಪುಟ ತೆಗೆದಿರಿಸಲು ಸಂಪಾದಕರನ್ನು ಕೇಳಿದ್ದೇನೆ.